ಟೀಪಾಟಿನ ಛಂದಸ್ಸು

1930ರಲ್ಲಿ ಬಿಯಾಟ್ರಿಸ್ ವುಡ್ ಎಂಬ ಅಮೆರಿಕದ ಕಲಾವಿದೆ ಜಿಡ್ಡು ಕೃಷ್ಣಮೂರ್ತಿಯವರ ಉಪನ್ಯಾಸ ಕೇಳಲೆಂದು ಹಾಲೆಂಡಿಗೆ ಹೋದರು. ಆ ಪ್ರವಾಸದಲ್ಲಿ ಲೋಹದ ಹೊಳಪಿದ್ದ ಕೆಲವು ತಟ್ಟೆಗಳು ಕಣ್ಣಿಗೆ ಬಿದ್ದವು, ಕೊಂಡು ತಂದರು. ಆ ತಟ್ಟೆಗಳಿಗೆ ಜೋಡಿಯಾಗುವಂಥ ಟೀಪಾಟ್ ಮಾತ್ರ ಸಿಗಲಿಲ್ಲ. ಸಿಗದಿದ್ದರೆ ತಾನೇ ಮಾಡಿದರಾಯಿತು ಎಂದುಕೊಂಡು 1933ರಲ್ಲಿ ಹಾಲಿವುಡ್ ಹೈಸ್ಕೂಲಿನ ವಯಸ್ಕರ ತರಗತಿಗೆ ಸೇರಿ ಮಣ್ಣಿನ ಕೆಲಸ ಕಲಿಯತೊಡಗಿದರು. ಆಗ ಅವರ ವಯಸ್ಸು ನಲವತ್ತು. ಒಮ್ಮೆ ಕೈಗೆ ಹತ್ತಿದ ಮಣ್ಣು ಮತ್ತೆ ಅವರನ್ನು ಬಿಡಲಿಲ್ಲ. 1998ರಲ್ಲಿ, 105ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅವರು ತಮ್ಮ ದೇಶದ ಹೆಸರಾಂತ ಕುಂಬಾರ ಕಲಾವಿದೆಯಾಗಿದ್ದರು. ಚಿನ್ನದಂತೆ, ನವಿಲುಗರಿಯಂತೆ ಮಿನುಗುವ ಅವರ ಪಾತ್ರೆಗಳು, ಅವುಗಳ ಜೊತೆ ಟೀಪಾಟ್‌ಗಳೂ, ಇಂದು ಹಲವು ಮ್ಯೂಸಿಯಂಗಳಲ್ಲಿವೆ. ಇದೇ ವುಡ್ 1917ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ನ್ಯೂಯಾರ್ಕಿನಲ್ಲಿ ಕಲಾವಿದ ಮಾರ್ಸೆಲ್ ದುಶಾಂ ಜೊತೆ ಸೇರಿ ‘ದಿ ಬ್ಲೈಂಡ್ ಮ್ಯಾನ್’ ಎಂಬ ಪುಟ್ಟ ಪತ್ರಿಕೆ ಹೊರತಂದವರು. ಅಂಗಡಿಯಲ್ಲಿ ಸಿಗುವ ಮೂತ್ರದ ಬೇಸಿನ್ನಿಗೆ ‘ಫೌಂಟನ್’ ಎಂಬ ಹೆಸರು ಕೊಟ್ಟು ದುಶಾಂ ಪ್ರದರ್ಶನಕ್ಕೆ ಕಳಿಸಿದ್ದು ತಿರಸ್ಕೃತವಾದಾಗ, ಅದರ ಪರವಾಗಿ ವಾದಿಸಿದ ಪತ್ರಿಕೆ ಅದು.

ಈ ಎರಡು ಸಂಗತಿಗಳನ್ನು ಎದುರುಬದುರು ಇಟ್ಟು ನೋಡಬೇಕು. ಕಾರ್ಖಾನೆಯಲ್ಲಿ ತಯಾರಾದ ಬಳಕೆಯ ವಸ್ತುವನ್ನು ಅದರ ಬಳಕೆಯಿಂದ ಬಿಡಿಸಿ, ಮಗ್ಗುಲು ಬದಲಿಸಿ, ಇದು ಕಲೆ ಎಂದು ಘೋಷಿಸುವುದು ಒಂದು ದಾರಿ. ಇಪ್ಪತ್ತನೆಯ ಶತಮಾನದ ಕಲೆಯ ಬಹುಭಾಗ ಆ ದಾರಿಯಲ್ಲೇ ನಡೆಯಿತು. ಬಳಕೆಯ ವಸ್ತುವನ್ನು ಮೊದಲಿನಿಂದ ಕೈಯಾರೆ ಮಾಡುತ್ತಾ, ಅದರ ಬಳಕೆಯ ಒಳಗೇ ಕಲೆಯನ್ನು ಹುಡುಕುವುದು ಇನ್ನೊಂದು ದಾರಿ. ಮೊದಲ ದಾರಿಯ ಬಾಗಿಲಲ್ಲಿ ನಿಂತಿದ್ದ ಹೆಣ್ಣುಮಗಳು ಎರಡನೆಯ ದಾರಿ ಹಿಡಿದು ಬಾಳಿನ ಉಳಿದ ಅರವತ್ತಕ್ಕೂ ಹೆಚ್ಚು ವರ್ಷ ನಡೆದರು. ಮ್ಯೂಸಿಯಂಗಳು ಮೊದಲ ದಾರಿಗೆ ಮುಖ್ಯ ಸಭಾಂಗಣ ಕೊಟ್ಟವು. ಎರಡನೆಯ ದಾರಿಯ ಮೇಲೆ ಮಾತ್ರ ಅನುಮಾನ ಇಂದಿಗೂ ಉಳಿದಿದೆ. ಚಹಾ ಸೋಸುವ ಪಾತ್ರೆಗೆ ಮ್ಯೂಸಿಯಂನಲ್ಲಿ ಏನು ಕೆಲಸ, ಅದೂ ಹಳೆಯ ಕಾಲದ್ದಲ್ಲ, ನಮ್ಮದೇ ಕಾಲದ ಕಲಾವಿದರು ಮಾಡಿದ, ಎಷ್ಟೋ ಸಲ ಒಮ್ಮೆಯೂ ಚಹಾ ಕಾಣದ ಟೀಪಾಟಿಗೆ? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಇಂದಿನ ಈ ಮಾತಿನ ಉದ್ದೇಶ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ಕವಿಗೆ ಛಂದಸ್ಸು ಹೇಗೋ ಕುಶಲಕರ್ಮಿಗೆ ಬಳಕೆ ಹಾಗೆ. ಅದು ಕಟ್ಟುಪಾಡೂ ಹೌದು, ಕಟ್ಟುವ ಬಲವೂ ಹೌದು. ಟೀಪಾಟ್ ಅಂಥದೊಂದು ಛಂದಸ್ಸು, ಅದರಲ್ಲಿ ಇಂದಿಗೂ ಹೊಸ ಪದ್ಯ ಹುಟ್ಟುತ್ತಿದೆ. ಅದಕ್ಕಾಗಿಯೇ ಅದಕ್ಕೆ ಮ್ಯೂಸಿಯಂನಲ್ಲಿ ಜಾಗವಿದೆ.

ಛಂದಸ್ಸು ಎಂದದ್ದು ಬರಿಯ ಅಲಂಕಾರಕ್ಕಲ್ಲ. ಟೀಪಾಟನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದಕ್ಕೆ ನಾಲ್ಕು ಅಂಗ: ಒಡಲು, ಮೂತಿ, ಹಿಡಿ, ಮುಚ್ಚಳ. ಲೋಟಕ್ಕೆ ಒಡಲು ಸಾಕು, ಕೊಡಕ್ಕೆ ಒಡಲು ಮತ್ತು ಕಂಠ ಸಾಕು. ನಮ್ಮ ಗಿಂಡಿಗೂ ಒಡಲಿನ ಜೊತೆ ಮೂತಿ ಬೇಕು, ಆದರೆ ಅದರಲ್ಲಿ ಕುದಿಯುವ ನೀರಿರುವುದಿಲ್ಲ. ಟೀಪಾಟಿನಲ್ಲಿ ನಾಲ್ಕೂ ಬೇಕು, ನಾಲ್ಕೂ ಒಂದಕ್ಕೊಂದು ಲೆಕ್ಕ ಒಪ್ಪಿಸಬೇಕು. ಮೂತಿಯ ತುದಿ ಒಡಲಿನ ಬಾಯಿಗಿಂತ ಕೆಳಗಿದ್ದರೆ ಪಾತ್ರೆ ತುಂಬುವ ಮೊದಲೇ ನೀರು ಹೊರಗೆ ಹರಿಯುತ್ತದೆ. ಹಿಡಿ ಒಡಲಿಗೆ ತೀರಾ ಅಂಟಿಕೊಂಡಿದ್ದರೆ ಬೆರಳ ಗೆಣ್ಣು ಸುಡುತ್ತದೆ, ತೀರಾ ದೂರವಾದರೆ ತುಂಬಿದ ಪಾತ್ರೆಯ ಭಾರ ಮಣಿಕಟ್ಟನ್ನು ಜಗ್ಗುತ್ತದೆ. ಬಗ್ಗಿಸಿದಾಗ ಮುಚ್ಚಳ ಬೀಳಬಾರದು. ಮುಚ್ಚಳ ಬಿಗಿಯಾಗಿದ್ದರೆ ಗಾಳಿ ಒಳಗೆ ಹೋಗಲು ಸಣ್ಣದೊಂದು ತೂತು ಬೇಕು. ಆ ತೂತಿಗೆ ಬೆರಳು ಒತ್ತಿದರೆ ಸುರಿಯುತ್ತಿದ್ದ ಚಹಾ ನಿಂತುಬಿಡುತ್ತದೆ. ಎಲೆಯನ್ನು ಒಳಗೇ ತಡೆದು ರಸವನ್ನಷ್ಟೇ ಹೊರಬಿಡಲು ಮೂತಿಯ ಬುಡದಲ್ಲಿ ಜಾಲಂದರ ಬೇಕು. ಇಷ್ಟೆಲ್ಲ ಮಾಡಿದ ಮೇಲೂ ಕೊನೆಯ ಹನಿ ಮೂತಿಯ ಕೆಳಗೆ ತೆವಳಿ ಮೇಜಿನ ಬಟ್ಟೆಗೆ ಇಳಿಯುತ್ತದೆ. ಇದು ಎಷ್ಟು ಹಠಮಾರಿ ಸಮಸ್ಯೆಯೆಂದರೆ ಮಾರ್ಕಸ್ ರೈನರ್ ಎಂಬ ವಿಜ್ಞಾನಿ 1956ರಲ್ಲಿ ಇದಕ್ಕೆ ‘ಟೀಪಾಟ್ ಎಫೆಕ್ಟ್’ ಎಂದೇ ಹೆಸರಿಟ್ಟು ಚರ್ಚಿಸಿದರು. ಮರುವರ್ಷ ಜೋಸೆಫ್ ಕೆಲ್ಲರ್ ಎಂಬ ಗಣಿತಜ್ಞ, ಸುತ್ತಲಿನ ಗಾಳಿಯ ಒತ್ತಡವೇ ಆ ತೆಳ್ಳನೆಯ ಧಾರೆಯನ್ನು ಮೂತಿಯ ಅಂಚಿಗೆ ಒತ್ತಿ ಹಿಡಿಯುತ್ತದೆ ಎಂದು ವಿವರಿಸಿದರು.

ಇಷ್ಟು ನಿಯಮಗಳಿರುವ ವಸ್ತುವಿನಲ್ಲಿ ಸ್ವಾತಂತ್ರ್ಯ ಎಲ್ಲಿ ಎಂದು ಅನ್ನಿಸಬಹುದು. ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ. ಷಟ್ಪದಿಗೆ ಆರು ಸಾಲು, ಸಾಲಿಗೆ ಇಷ್ಟೇ ಮಾತ್ರೆ, ಎರಡನೆಯ ಅಕ್ಷರಕ್ಕೆ ಪ್ರಾಸ. ಆ ಚೌಕಟ್ಟಿನೊಳಗೇ ರಾಘವಾಂಕ ವಾರ್ಧಕವನ್ನು ಹರಿಶ್ಚಂದ್ರನ ಕಷ್ಟಕ್ಕೆ ಒಗ್ಗಿಸಿದ, ಕುಮಾರವ್ಯಾಸ ಭಾಮಿನಿಯನ್ನು ಕುರುಕ್ಷೇತ್ರದ ರಭಸಕ್ಕೆ ಒಗ್ಗಿಸಿದ. ನಿಯಮ ಗೊತ್ತಿರುವ ಕೇಳುಗನಿಗೆ ಮಾತ್ರ ಕವಿ ಎಲ್ಲಿ ನಿಯಮವನ್ನು ಬಗ್ಗಿಸಿದ, ಎಲ್ಲಿ ಅದರ ತುದಿಗಾಲಲ್ಲಿ ನಿಂತ ಎಂಬುದು ತಿಳಿಯುತ್ತದೆ. ಟೀಪಾಟೂ ಹಾಗೆಯೇ. ನಾಲ್ಕು ಅಂಗಗಳ ಕೆಲಸ ನಮಗೆಲ್ಲ ಗೊತ್ತಿರುವುದರಿಂದ, ಮೂತಿ ತುಸು ಸೆಟೆದು ನಿಂತರೆ ಅದರಲ್ಲಿ ಗರ್ವ ಕಾಣುತ್ತದೆ, ಹಿಡಿ ಬಳುಕಿದರೆ ನಗು ಕಾಣುತ್ತದೆ. ಶಿಲ್ಪಿಯೊಬ್ಬ ಶೂನ್ಯದಿಂದ ಕಡೆದ ಆಕಾರವನ್ನು ಅರ್ಥಮಾಡಿಕೊಳ್ಳಲು ನೋಡುಗ ಕಷ್ಟಪಡಬೇಕಾದೀತು. ಟೀಪಾಟಿನ ಮುಂದೆ ನಿಂತವನಿಗೆ ಅರ್ಧ ಮಾತು ಮೊದಲೇ ಬರುತ್ತದೆ, ಉಳಿದರ್ಧವನ್ನು ಕಲಾವಿದ ಹೇಳುತ್ತಾನೆ.

ಈ ಛಂದಸ್ಸು ಹುಟ್ಟಿದ್ದು ಚೀನಾದಲ್ಲಿ, ಅದೂ ಚಹಾ ಹುಟ್ಟಿ ಎಷ್ಟೋ ಶತಮಾನ ಕಳೆದ ಮೇಲೆ. ಮೊದಲು ಚಹಾ ಸೊಪ್ಪನ್ನು ಬಿಲ್ಲೆಯಾಗಿ ಒತ್ತಿ, ಪುಡಿ ಮಾಡಿ, ಬಟ್ಟಲಿನಲ್ಲಿ ಕಡೆದು ಕುಡಿಯುತ್ತಿದ್ದರು. 1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿ ಹೊಂಗ್‌ವು, ಕಪ್ಪಕಾಣಿಕೆಯಾಗಿ ಬರುತ್ತಿದ್ದ ಬಿಲ್ಲೆ ಚಹಾವನ್ನು ನಿಲ್ಲಿಸಿ ಬಿಡಿ ಎಲೆಯನ್ನೇ ಕಳಿಸುವಂತೆ ಆಜ್ಞೆ ಮಾಡಿದ. ಬಿಡಿ ಎಲೆಗೆ ನೆನೆಯಲು ಒಂದು ಮುಚ್ಚಿದ ಪಾತ್ರೆ ಬೇಕಾಯಿತು. ಮುಂದಿನ ಶತಮಾನಗಳಲ್ಲಿ ಜಿಯಾಂಗ್‌ಸು ಪ್ರಾಂತ್ಯದ ಯಿಶಿಂಗ್ ಊರು ಈ ಪಾತ್ರೆಗೆ ಮನೆಯಾಯಿತು. ಅಲ್ಲಿ ‘ಜಿಶಾ’ ಎಂಬ ಮಣ್ಣು ಸಿಗುತ್ತದೆ, ಹೆಸರಿನ ಅರ್ಥ ನೇರಳೆ ಮರಳು. ಯಿಶಿಂಗ್‌ನ ಕುಶಲಕರ್ಮಿ ಒಳ್ಳೆಯ ಟೀಪಾಟನ್ನು ಚಕ್ರದ ಮೇಲೆ ತಿರುಗಿಸಿ ಎಳೆಯುವುದಿಲ್ಲ. ಮಣ್ಣಿನ ಮುದ್ದೆಯನ್ನು ಮರದ ಕೊಡತಿಯಿಂದ ಬಡಿದು ರೊಟ್ಟಿಯಷ್ಟು ತೆಳ್ಳಗೆ ಹರಡುತ್ತಾನೆ; ಅದರಿಂದ ಅಳತೆಗೆ ಸರಿಯಾಗಿ ಪಟ್ಟಿ ಕೊಯ್ದು, ಸುತ್ತಿ, ತುದಿಗಳನ್ನು ಬೆಸೆದು ಉರುಳೆ ಮಾಡುತ್ತಾನೆ; ಒಳಗೆ ಎಡಗೈ ಬೆರಳು ಆನಿಸಿ, ಹೊರಗಿನಿಂದ ಚಪ್ಪಟೆ ಹಲಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಉರುಳೆಯ ಅಂಚು ಒಳಕ್ಕೆ ಬಾಗಿ ಒಡಲು ಗುಂಡಗಾಗುತ್ತದೆ. ನಮ್ಮ ಕುಂಬಾರರು ಮಡಕೆಯ ತಳ ತಟ್ಟುವುದನ್ನು ಕಂಡವರಿಗೆ ಆ ಸದ್ದು ಅಪರಿಚಿತವಲ್ಲ. ಮೇಲೆ ಮೆರುಗಿನ ಲೇಪವಿಲ್ಲ. ಆದ್ದರಿಂದ ತಪ್ಪನ್ನು ಮುಚ್ಚಿಡಲು ಏನೂ ಇಲ್ಲ. ಉಪಕರಣ ತಾಗಿದ ಗುರುತೆಲ್ಲ ಸುಟ್ಟ ಮೇಲೂ ಹಾಗೆಯೇ ಉಳಿಯುತ್ತದೆ.

ಯಿಶಿಂಗ್ ಇತಿಹಾಸದಲ್ಲಿ ನಮ್ಮ ವಾದಕ್ಕೆ ಮುಖ್ಯವಾದ ಎರಡು ಸಂಗತಿಗಳಿವೆ. ಒಂದು, ಮಾಡಿದವರ ಹೆಸರು. ಹದಿನಾರನೆಯ ಶತಮಾನದ ಕೊನೆ ಮತ್ತು ಹದಿನೇಳರ ಆರಂಭದಲ್ಲಿ ಕೆಲಸ ಮಾಡಿದ ಶಿ ದಾಬಿನ್ ತನ್ನ ಟೀಪಾಟಿನ ತಳದಲ್ಲಿ ಹೆಸರು ಕೊರೆಯುತ್ತಿದ್ದ. ಆ ಹೆಸರಿಗೆ ಬೆಲೆಯಿತ್ತು, ಅದನ್ನು ನಕಲು ಮಾಡುವವರೂ ಇದ್ದರು. ಇನ್ನೊಂದು, ಕುಂಬಾರಿಕೆ ಮತ್ತು ವಿದ್ವತ್ತಿನ ಸಖ್ಯ. 1768ರಲ್ಲಿ ಹುಟ್ಟಿದ ಚೆನ್ ಮಾನ್‌ಶೆಂಗ್ ಅಧಿಕಾರಿ, ಲಿಪಿಕಾರ, ಮುದ್ರೆ ಕೊರೆಯುವ ಕಲಾವಿದ. ಅವನು ಟೀಪಾಟ್‌ಗಳ ಆಕಾರ ಕಲ್ಪಿಸಿದ, ಯಾಂಗ್ ಪೆಂಗ್‌ನಿಯನ್ ಎಂಬ ಕುಶಲಕರ್ಮಿ ಅವನ್ನು ಮಣ್ಣಿನಲ್ಲಿ ಮಾಡಿದ, ಹಸಿ ಮೈಮೇಲೆ ಸಾಲುಗಳನ್ನು ಕೊರೆಯಲಾಯಿತು. ಹೀಗೆ ಇನ್ನೂರು ವರ್ಷಗಳ ಹಿಂದೆಯೇ ಟೀಪಾಟ್ ಎಂಬುದು ಏಕಕಾಲಕ್ಕೆ ಪಾತ್ರೆ, ಶಿಲ್ಪ ಮತ್ತು ಬರಹದ ಹಾಳೆಯಾಗಿತ್ತು. ‘ಕಲಾವಿದರು ಮಾಡಿದ ಟೀಪಾಟ್’ ಎಂಬುದು ಪಶ್ಚಿಮದ ಗ್ಯಾಲರಿಗಳು ಮೊನ್ನೆ ಹುಟ್ಟುಹಾಕಿದ ಶೋಕಿ ಎನ್ನುವವರು ಈ ಪರಂಪರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪಶ್ಚಿಮ ಇದನ್ನು ಎರವಲು ತಂದದ್ದು. ಹದಿನೇಳನೆಯ ಶತಮಾನದಲ್ಲಿ ಚಹಾದ ಜೊತೆಗೇ ಹಡಗು ಹತ್ತಿ ಹೋದ ಯಿಶಿಂಗ್ ಪಾತ್ರೆಗಳನ್ನು ನೋಡಿ ಹಾಲೆಂಡ್, ಇಂಗ್ಲೆಂಡ್, ಜರ್ಮನಿಯ ಕುಂಬಾರರು ಕೆಂಪು ಮಣ್ಣಿನ ಟೀಪಾಟ್ ಮಾಡಲು ಕಲಿತರು. ಯೂರೋಪಿನ ಪಿಂಗಾಣಿಗೆ ಹೆಸರಾದ ಜರ್ಮನಿಯ ಮೈಸನ್‌ನಲ್ಲಿ ಬೊಟ್‌ಗರ್ ಎಂಬಾತ ಬಿಳಿ ಪಿಂಗಾಣಿಯ ಜೊತೆಜೊತೆಗೇ ಮಾಡಿದ್ದು ಯಿಶಿಂಗ್ ಮಾದರಿಯ ಕೆಂಪು ಪಾತ್ರೆಗಳನ್ನು.

ಕಾರ್ಖಾನೆಗಳು ಬಂದ ಮೇಲೆ ಪ್ರಶ್ನೆ ಬದಲಾಯಿತು. ಯಂತ್ರ ದಿನಕ್ಕೆ ಸಾವಿರ ಟೀಪಾಟ್ ಮಾಡುವಾಗ ಕೈ ಏನು ಮಾಡಬೇಕು? ಇದಕ್ಕೆ ಬಂದ ಉತ್ತರಗಳಲ್ಲಿ ಒಂದನ್ನು ನೋಡಿದರೆ ಸಾಕು. 1924ರಲ್ಲಿ ಜರ್ಮನಿಯ ವೈಮಾರ್ ಊರಿನ ಬೌಹೌಸ್ ಶಾಲೆಯಲ್ಲಿ ಮರಿಯಾನೆ ಬ್ರಾಂಟ್ ಎಂಬ ವಿದ್ಯಾರ್ಥಿನಿ ಚಹಾದ ಗಟ್ಟಿ ಡಿಕಾಕ್ಷನ್ ಮಾಡಲು ಒಂದು ಪುಟ್ಟ ಪಾತ್ರೆ ರಚಿಸಿದರು. ಎತ್ತರ ಏಳು ಸೆಂಟಿಮೀಟರಿಗೆ ತುಸು ಹೆಚ್ಚು, ಅಂಗೈಯಲ್ಲಿ ಕೂರುವಷ್ಟು. ಒಡಲು ಅರ್ಧಗೋಳ, ಅದು ನಿಂತಿರುವುದು ಕತ್ತರಿಯಾಕಾರದಲ್ಲಿ ದಾಟಿದ ಎರಡು ಪಟ್ಟಿಗಳ ಮೇಲೆ. ಮುಚ್ಚಳ ಪೂರ್ಣ ವೃತ್ತ, ಆದರೆ ನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿದೆ. ಹಿಡಿ ಕರಿಮರದ ಅರ್ಧಚಂದ್ರ. ಹೆಂಗಸರನ್ನು ನೇಯ್ಗೆಯ ವಿಭಾಗಕ್ಕೆ ಕಳಿಸುವುದೇ ರೂಢಿಯಾಗಿದ್ದ ಆ ಶಾಲೆಯಲ್ಲಿ ಬ್ರಾಂಟ್ ಲೋಹದ ಕಾರ್ಯಾಗಾರಕ್ಕೆ ಸೇರಿ, ಮುಂದೆ ಅದರ ಹೊಣೆಯನ್ನೂ ಹೊತ್ತರು. ಈ ಪಾತ್ರೆ ಯಂತ್ರದಲ್ಲಿ ಅಚ್ಚುಹಾಕಿದಂತೆ ಕಾಣುತ್ತದೆ. ವಾಸ್ತವವಾಗಿ ಅದು ಸುತ್ತಿಗೆಯಿಂದ ಬಡಿದು ಮಾಡಿದ್ದು; ಉಳಿದಿರುವ ಕೆಲವೇ ಪ್ರತಿಗಳು ಒಂದರಂತೆ ಒಂದಿಲ್ಲ; ಆ ಕಾಲದಲ್ಲಿ ಅದು ಕಾರ್ಖಾನೆಗೆ ಹೋಗಲೇ ಇಲ್ಲ. ಯಂತ್ರಯುಗ ಹೇಗಿರಬೇಕು ಎಂಬ ಕನಸನ್ನು ಒಂದು ಕೈ ಬೆಳ್ಳಿಯಲ್ಲಿ ಬಡಿದು ಹೇಳಿತು. ಈ ಮಾತನ್ನು ಪ್ರಬಂಧದಲ್ಲಿ ಬರೆಯಬಹುದಿತ್ತು, ಆದರೆ ಮುಚ್ಚಳವನ್ನು ನಡುವಿನಿಂದ ಸರಿಸಿದಾಗ ಅದು ತಟ್ಟುವಷ್ಟು ಪ್ರಬಂಧದಲ್ಲಿ ತಟ್ಟುವುದಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಒಂದು ಪ್ರತಿಯನ್ನು ಕಾಪಾಡಿಕೊಂಡಿರುವುದು ಆ ಕಾರಣಕ್ಕೆ.

ಇಲ್ಲಿಗೆ ಮೊದಲ ಆಕ್ಷೇಪ ಎದುರಾಗುತ್ತದೆ. ಬ್ರಾಂಟ್ ಮಾಡಿದ ಪಾತ್ರೆಯಲ್ಲಿ ಚಹಾವನ್ನಾದರೂ ಮಾಡಬಹುದು. ಚಹಾ ಸುರಿಯುವ ಉದ್ದೇಶವೇ ಇಲ್ಲದ, ಶಿಲ್ಪವಾಗಿಯೇ ಹುಟ್ಟಿದ ಟೀಪಾಟ್‌ಗಳ ಗತಿ ಏನು? ಉಳದ ನೇಗಿಲು, ಕೊಯ್ಯದ ಕುಡುಗೋಲು ಇದ್ದಂತೆ ಅದು ಹುಸಿಯಲ್ಲವೇ? ಈ ಆಕ್ಷೇಪಕ್ಕೆ ತೂಕವಿದೆ, ಒಂದು ಉದಾಹರಣೆಯಿಟ್ಟು ಉತ್ತರಿಸಬೇಕು. 1948ರಲ್ಲಿ ಹುಟ್ಟಿದ ಅಮೆರಿಕದ ರಿಚರ್ಡ್ ನಾಟ್‌ಕಿನ್ ಯಿಶಿಂಗ್ ಪಾತ್ರೆಗಳಿಗೆ ಮಾರುಹೋಗಿ 1980ರ ದಶಕದಿಂದ ಪುಟ್ಟ ಗಾತ್ರದ, ಮೆರುಗಿಲ್ಲದ, ಅತಿ ಸೂಕ್ಷ್ಮ ಕೆಲಸದ ಟೀಪಾಟ್‌ಗಳನ್ನು ಮಾಡಿದರು. ಅವುಗಳಲ್ಲಿ ಒಂದರ ಒಡಲು ಅಣುವಿದ್ಯುತ್ ಸ್ಥಾವರದ ಶೈತ್ಯಗೋಪುರಗಳ ಜೋಡಿ. ಅದು 1983ರ ಕೃತಿ. ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಪಘಾತ ನಡೆದು ನಾಲ್ಕು ವರ್ಷವಾಗಿತ್ತು, ಚೆರ್ನೊಬಿಲ್ ಇನ್ನೂ ಮೂರು ವರ್ಷ ದೂರವಿತ್ತು. ಈ ಗೋಪುರಗಳನ್ನು ಬಿಡಿ ಶಿಲ್ಪವಾಗಿ ಮಾಡಿದ್ದರೆ ಅದು ಒಂದು ಮಾದರಿಯಷ್ಟೇ ಆಗುತ್ತಿತ್ತು. ಟೀಪಾಟಾದಾಗ ಹಬೆ ಎಂಬ ಒಂದೇ ವಸ್ತು ಎರಡು ಕಡೆಯಿಂದ ಮಾತಾಡುತ್ತದೆ. ಮನೆಯ ಬೆಳಗಿನ ಹಬೆ ನೆಮ್ಮದಿಯದು, ಗೋಪುರದ ಹಬೆ ಅಂಜಿಕೆಯದು. ನಮ್ಮ ಕೈಯೇ ಹಿಡಿಯತ್ತ ಚಾಚಿಕೊಳ್ಳುತ್ತದೆ, ಮತ್ತು ಏನನ್ನು ಬಗ್ಗಿಸಿ ಯಾರ ಬಟ್ಟಲಿಗೆ ಸುರಿಯುತ್ತಿದ್ದೇವೆ ಎಂಬ ಪ್ರಶ್ನೆ ಆ ಚಾಚುವಿಕೆಯಲ್ಲೇ ಹುಟ್ಟುತ್ತದೆ. ಚಹಾ ಸುರಿಯಲಿ ಬಿಡಲಿ, ಸುರಿಯುವ ಕ್ರಿಯೆ ಆ ಕೃತಿಯ ಅರ್ಥದ ಭಾಗ. ಬಳಕೆ ಅಲ್ಲಿ ಅಳಿದಿಲ್ಲ, ವ್ಯಾಕರಣವಾಗಿ ಉಳಿದಿದೆ.

ಹಾಗೆಂದು ಟೀಪಾಟ್ ಎಂಬ ಹೆಸರು ಹೊತ್ತು ಬಂದದ್ದೆಲ್ಲ ಈ ಮನ್ನಣೆಗೆ ಅರ್ಹವೆಂದು ನಾನು ಹೇಳುವುದಿಲ್ಲ. ಬೆಕ್ಕಿಗೋ ಕಾರಿಗೋ ಒಂದು ಮೂತಿ, ಒಂದು ಹಿಡಿ ಅಂಟಿಸಿ ತಮಾಷೆ ಮಾಡುವ ಟೀಪಾಟ್‌ಗಳು ಅಂಗಡಿಗಳಲ್ಲೂ ಸಂಗ್ರಹಗಳಲ್ಲೂ ಬೇಕಾದಷ್ಟಿವೆ. ಒರೆಗಲ್ಲು ಸರಳವಾದುದು: ಆ ಕೃತಿಯಿಂದ ಮೂತಿ, ಹಿಡಿ, ಮುಚ್ಚಳಗಳನ್ನು ಮನಸ್ಸಿನಲ್ಲೇ ತೆಗೆದು ನೋಡಿ. ಕೃತಿಗೆ ಏನೂ ನಷ್ಟವಾಗದಿದ್ದರೆ ಅದು ಟೀಪಾಟ್ ಆಗಬೇಕಿರಲಿಲ್ಲ. ನಾಟ್‌ಕಿನ್ ಮಾಡಿದ ಗೋಪುರ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. 1923ರಲ್ಲಿ ರಷ್ಯದ ಸರ್ಕಾರಿ ಪಿಂಗಾಣಿ ಕಾರ್ಖಾನೆಗಾಗಿ ಚಿತ್ರಕಾರ ಕಾಜಿಮಿರ್ ಮಾಲೆವಿಚ್ ರಚಿಸಿದ, ಚೌಕ ಮತ್ತು ಗೋಳದ ತುಂಡುಗಳು ಒಂದಕ್ಕೊಂದು ಡಿಕ್ಕಿ ಹೊಡೆದಂತಿರುವ ಟೀಪಾಟೂ ಗೆಲ್ಲುತ್ತದೆ. ಅವನ ಚಿತ್ರದ ಬಿಳಿ ಚೌಕವನ್ನು ಕ್ಯಾನ್ವಾಸಿನಿಂದ ಇಳಿಸಿ ಮನೆಯ ಮೇಜಿಗೆ ತರುವುದೇ ಅದರ ಹಟ, ಆದ್ದರಿಂದ ಅದಕ್ಕೆ ಟೀಪಾಟಿನ ಮೈ ಬೇಕೇಬೇಕು. ಸೋಲುವ ಕೃತಿಗಳನ್ನು ಕೈಬಿಡುವುದು ಮ್ಯೂಸಿಯಂನ ಕೆಲಸ. ಸಂಖ್ಯೆಯೇ ಸಂಗ್ರಹವಲ್ಲ. ಲಾಸ್ ಏಂಜಲೀಸ್‌ನ ಕಾಮ್ ದಂಪತಿ ಹತ್ತು ಸಾವಿರಕ್ಕೂ ಹೆಚ್ಚು ಟೀಪಾಟ್ ಕೂಡಿಸಿದ್ದಾರೆ. ಆ ರಾಶಿಯಿಂದ ಆಯ್ದು ಬರೆದ ಪುಸ್ತಕ, ಏರ್ಪಡಿಸಿದ ಪ್ರದರ್ಶನ ಈ ಕಲೆಯನ್ನು ಅರಿಯಲು ನೆರವಾಗಿವೆ. ರಾಶಿಗೆ ಅರ್ಥ ಬರುವುದು ಹೀಗೆ ಆಯ್ದಾಗ.

ಎರಡನೆಯ ಆಕ್ಷೇಪ ನಮ್ಮ ಕಡೆಯಿಂದಲೇ ಬಂದದ್ದು, ಹೆಚ್ಚು ಆಳವಾದದ್ದು. ಸಿಂಹಳದಲ್ಲಿ ಹುಟ್ಟಿ ಭಾರತೀಯ ಕಲೆಯನ್ನು ಜಗತ್ತಿಗೆ ವಿವರಿಸಿದ ಆನಂದ ಕುಮಾರಸ್ವಾಮಿ 1917ರಿಂದ 1947ರವರೆಗೆ ಬೋಸ್ಟನ್ನಿನ ಮ್ಯೂಸಿಯಂನಲ್ಲಿ ಕೆಲಸ ಮಾಡಿದವರು. ಮೂವತ್ತು ವರ್ಷ ಮ್ಯೂಸಿಯಂನಲ್ಲಿದ್ದೂ, ಕಲಾಕೃತಿಗಳನ್ನು ಪ್ರದರ್ಶಿಸುವುದೇಕೆ ಎಂದು ಕೇಳಿದವರು. ಅವರ ತರ್ಕದ ತಿರುಳು ಇದು: ಮ್ಯೂಸಿಯಂನಲ್ಲಿರುವ ಹಳೆಯ ವಸ್ತುಗಳು ಗಾಜಿನ ಪೆಟ್ಟಿಗೆಗಾಗಿ ಹುಟ್ಟಿದವಲ್ಲ, ಉಣ್ಣಲು, ಉಡಲು, ಪೂಜಿಸಲು ಹುಟ್ಟಿದವು, ಬರಿಯ ಕಣ್ಣಿಗೆ ಒಪ್ಪಿಸಿದರೆ ಅವುಗಳ ಅರ್ಥ ಕೈತಪ್ಪುತ್ತದೆ. ಈ ಮಾತು ನೂರಕ್ಕೆ ನೂರು ಸರಿ. ಟೀಪಾಟಿನ ವಿಷಯದಲ್ಲಂತೂ ಅದರ ಅರ್ಧ ಸತ್ಯ ಮಣಿಕಟ್ಟಿನಲ್ಲಿದೆ. ಎಷ್ಟು ಭಾರ, ಹಿಡಿ ಎಷ್ಟು ಬಿಸಿ, ಧಾರೆ ಹೇಗೆ ಕಡಿಯುತ್ತದೆ ಎಂಬುದನ್ನು ಗಾಜು ಹೇಳಲಾರದು. ಆದರೆ ಇದರಿಂದ ಹೊರಡುವ ತೀರ್ಮಾನ ಟೀಪಾಟನ್ನು ಮ್ಯೂಸಿಯಂನಿಂದ ಹೊರಗಿಡಬೇಕು ಎಂಬುದಲ್ಲ. ಮ್ಯೂಸಿಯಂ ತನ್ನ ಮಾತನ್ನು ತಿದ್ದಿಕೊಳ್ಳಬೇಕು ಎಂಬುದು. ಜಾಲಂದರ ಕಾಣುವಂತೆ ಮುಚ್ಚಳ ತೆರೆದಿಡಬಹುದು, ತಳದ ಮುದ್ರೆ ಕಾಣುವಂತೆ ಕನ್ನಡಿ ಇಡಬಹುದು, ಅಂಥದೇ ಮತ್ತೊಂದು ಪಾತ್ರೆಯನ್ನು ಕೈಗೆ ಕೊಡಬಹುದು. ಬಳಕೆಯನ್ನು ಮರೆತರೆ ಕೃತಿ ಮೂಕವಾಗುತ್ತದೆ ಎಂಬ ಕುಮಾರಸ್ವಾಮಿಯವರ ಎಚ್ಚರಿಕೆ, ಬಳಕೆಯೇ ಕೃತಿಯ ಛಂದಸ್ಸು ಎಂಬ ನನ್ನ ಮಾತಿಗೆ ಎದುರು ನಿಲ್ಲುವುದಿಲ್ಲ, ಒತ್ತಾಸೆಯಾಗಿ ನಿಲ್ಲುತ್ತದೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂದು ನಮ್ಮ ಗಾದೆಯೇ ಹೇಳುತ್ತದೆ. ಅಡುಗೆಮನೆಯಲ್ಲಿ ಒಡೆದುಹೋದ ಪಾತ್ರೆ ಮುಂದಿನ ಕುಂಬಾರನಿಗೆ ಪಾಠ ಹೇಳಲಾರದು. ಕೆಲವನ್ನಾದರೂ ದೊಣ್ಣೆಯಿಂದ ಕಾಪಾಡಿ ಇಟ್ಟರೆ ಮಾತ್ರ ಮುಂದಿನ ಕೈ ಅದನ್ನು ನೋಡಿ ಕಲಿಯುತ್ತದೆ.

ಮೂರನೆಯ ಆಕ್ಷೇಪ ಹೆಸರಿನ ಬಗ್ಗೆ. ಜಪಾನಿನ ಯಾನಾಗಿ ಸೊಯೆತ್ಸು ‘ಮಿಂಗೇ’, ಅಂದರೆ ಜನರ ಕಲೆ, ಎಂಬ ಪರಿಕಲ್ಪನೆ ಕಟ್ಟಿ 1936ರಲ್ಲಿ ಟೋಕಿಯೊದಲ್ಲಿ ಅದಕ್ಕೊಂದು ಮ್ಯೂಸಿಯಂ ತೆರೆದರು. ಹೆಸರಿಲ್ಲದ ಕುಶಲಕರ್ಮಿ ಅಗ್ಗದ ಬೆಲೆಗೆ, ದಿನಬಳಕೆಗೆಂದು ಮಾಡಿದ ಪಾತ್ರೆಯಲ್ಲೇ ನಿಜವಾದ ಚೆಲುವು, ಹೆಸರಿಗಾಗಿ ದುಡಿಯುವ ಕಲಾವಿದನಲ್ಲಿಲ್ಲ ಎಂಬುದು ಅವರ ನಿಲುವು. ಅವರ ಗೆಳೆಯ, ಮಹಾ ಕುಂಬಾರ ಹಮಾದಾ ಶೋಜಿ ತಮ್ಮ ಪಾತ್ರೆಗಳಿಗೆ ಸಹಿ ಹಾಕುತ್ತಿರಲಿಲ್ಲ. ಈ ವಿನಯಕ್ಕೆ ತಲೆಬಾಗುತ್ತೇನೆ. ಆದರೂ ಒಂದು ಭೇದ ಮರೆಯಬಾರದು. ಹಮಾದಾ ಸಹಿ ಬಿಟ್ಟರು, ಅವರ ಹೆಸರು ಉಳಿಯಿತು. ಜಪಾನ್ ಸರ್ಕಾರ 1955ರಲ್ಲಿ ಅವರನ್ನು ಜೀವಂತ ರಾಷ್ಟ್ರನಿಧಿಯೆಂದು ಗೌರವಿಸಿತು. ಹೆಸರನ್ನು ಬಿಡುವುದು ಬೇರೆ, ಹೆಸರು ಇಲ್ಲದಂತಾಗುವುದು ಬೇರೆ. ಹಳ್ಳಿಯ ಕುಂಬಾರ ಅನಾಮಿಕನಾಗಿ ಉಳಿದದ್ದು ಅವನ ತ್ಯಾಗವಲ್ಲ, ಅವನ ಹೆಸರನ್ನು ಕೇಳಿದವರಿಲ್ಲ. ನಮ್ಮಲ್ಲಂತೂ ಕೆಲಸಗಾರನ ಹೆಸರಿನ ಜಾಗದಲ್ಲಿ ಜಾತಿಯ ಹೆಸರು ಬಂದು ಕೂತಿತು. ಕಲಾವಿದರ ಟೀಪಾಟ್ ಮ್ಯೂಸಿಯಂನಲ್ಲಿ ಹೆಸರಿನೊಂದಿಗೆ ನಿಂತಾಗ, ಪಾತ್ರೆ ಮಾಡುವವರಿಗೂ ಹೆಸರಿರುತ್ತದೆ ಎಂಬ ಹಕ್ಕು ಸ್ಥಾಪನೆಯಾಗುತ್ತದೆ. ಆ ಹಕ್ಕು ಹೆಸರಿಲ್ಲದವರಿಗೂ ಹರಡಬೇಕು. ಹೆಸರಿದ್ದವರಿಂದ ಅದನ್ನು ಕಿತ್ತುಕೊಂಡರೆ ಯಾರಿಗೂ ನ್ಯಾಯ ಸಿಗದು.

ಇದು ಶ್ರೀಮಂತರ ಆಟಿಕೆಯಾಗಿಬಿಟ್ಟಿದೆ ಎಂಬ ದೂರೂ ಇದೆ. ದೂರಿಗೆ ಆಧಾರ ಇಲ್ಲದಿಲ್ಲ. ಬ್ರಾಂಟ್ ಮಾಡಿದ ಆ ಪುಟ್ಟ ಪಾತ್ರೆಯ ಒಂದು ಪ್ರತಿ 2007ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 3,61,000 ಡಾಲರಿಗೆ ಹೋಯಿತು. ಸಾಮಾನ್ಯರ ಮನೆಗೆ ಹೊಸ ರೂಪ ಕೊಡಲು ಹೊರಟ ಶಾಲೆಯ ವಸ್ತುವಿಗೆ ಈ ಬೆಲೆ ಬಂದದ್ದು ನೋವಿನ ಸಂಗತಿ. ಆದರೆ ಇದು ಸಾರ್ವಜನಿಕ ಮ್ಯೂಸಿಯಂಗಳ ಪರವಾದ ಸಾಕ್ಷ್ಯ. ಖಾಸಗಿ ಕಪಾಟು ಸೇರಿದ ಟೀಪಾಟ್ ಒಬ್ಬನದು. ಮ್ಯೂಸಿಯಂ ಸೇರಿದ್ದು, ಟಿಕೆಟ್ ಕೊಂಡು ಒಳಗೆ ಬಂದ ಪ್ರತಿಯೊಬ್ಬರದು. ಕಲಾವಿದರು ಬದುಕಿರುವಾಗಲೇ, ಬೆಲೆ ಏರುವ ಮೊದಲೇ ಸಂಗ್ರಹಿಸುವ ಮ್ಯೂಸಿಯಂ ಸಾರ್ವಜನಿಕರ ಹಣವನ್ನು ಉಳಿಸುತ್ತದೆ, ಕುಶಲಕರ್ಮಿಯ ಹಸಿವಿಗೂ ಆಗುತ್ತದೆ.

ಇಂಥ ಕೆಲಸವನ್ನು ಚೆನ್ನಾಗಿ ಮಾಡಿದ ಮ್ಯೂಸಿಯಂಗಳಿವೆ. ಇಂಗ್ಲೆಂಡಿನ ನಾರ್ವಿಚ್ ಕೋಟೆಯ ಮ್ಯೂಸಿಯಂ ಬ್ರಿಟಿಷ್ ಟೀಪಾಟ್‌ಗಳ ದೊಡ್ಡ ಸಂಗ್ರಹಕ್ಕೆ ಪ್ರಸಿದ್ಧ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಸೀನ್ ಮ್ಯೂಸಿಯಂ ಸಮಕಾಲೀನ ಕರಕುಶಲವನ್ನೇ ತನ್ನ ಮುಖ್ಯ ಸಂಗ್ರಹವಾಗಿ ಬೆಳೆಸಿದೆ. ಆದರೆ ನನಗೆ ಮಾದರಿಯಾಗಿ ಕಾಣುವುದು ಹಾಂಗ್‌ಕಾಂಗ್. ಅಲ್ಲಿ ಬ್ರಿಟಿಷ್ ಸೇನಾಪತಿಗಾಗಿ 1846ರಲ್ಲಿ ಕಟ್ಟಿದ ಫ್ಲಾಗ್‌ಸ್ಟಾಫ್ ಹೌಸ್ ಎಂಬ ಬಂಗಲೆಯಲ್ಲಿ 1984ರಿಂದ ಚಹಾ ಪಾತ್ರೆಗಳ ಮ್ಯೂಸಿಯಂ ಇದೆ. ಕೆ. ಎಸ್. ಲೋ ಎಂಬ ಉದ್ಯಮಿ ದಾನ ಮಾಡಿದ ಯಿಶಿಂಗ್ ಪಾತ್ರೆಗಳು ಅದರ ಬುನಾದಿ. ಆ ಮ್ಯೂಸಿಯಂ ಹಳೆಯದನ್ನು ಕಾಪಾಡಿ ಸುಮ್ಮನೆ ಕೂರಲಿಲ್ಲ. ಇಂದಿನ ಹಾಂಗ್‌ಕಾಂಗ್ ಕುಂಬಾರರಿಂದ ಹೊಸ ಚಹಾ ಪಾತ್ರೆಗಳನ್ನು ಕರೆದು, ಸ್ಪರ್ಧೆ ನಡೆಸಿ, ಪ್ರದರ್ಶಿಸುತ್ತ ಬಂದಿದೆ. ಶಿ ದಾಬಿನ್ ಪರಂಪರೆಯ ಪಕ್ಕದಲ್ಲೇ ನಿನ್ನೆ ಆವಿಗೆಯಿಂದ ಇಳಿದ ಪಾತ್ರೆ ನಿಂತಾಗ, ಪರಂಪರೆ ಎಂಬುದು ಮುಗಿದುಹೋದ ಕಥೆಯಲ್ಲ ಎಂಬುದು ಶಾಲೆಯ ಮಗುವಿಗೂ ತಿಳಿಯುತ್ತದೆ.

ಈ ಕಥೆಗೆ ನಮ್ಮ ನಾಡಿನ ನಂಟೂ ಇದೆ. 1961ರಲ್ಲಿ ಬಿಯಾಟ್ರಿಸ್ ವುಡ್ ತಮ್ಮ ಪಾತ್ರೆಗಳೊಂದಿಗೆ ಭಾರತಕ್ಕೆ ಬಂದು ಹಲವು ಊರುಗಳಲ್ಲಿ ಪ್ರದರ್ಶನ ಮಾಡಿದರು. ಸೀರೆ ಮುಂದೆ ಅವರ ನಿತ್ಯದ ಉಡುಗೆಯಾಯಿತು. ಆ ಹೊತ್ತಿಗೆ ಇಲ್ಲಿ ಕರಕುಶಲದ ಪುನರುಜ್ಜೀವನಕ್ಕೆ ನಾಯಕಿಯಾಗಿದ್ದವರು 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ಅವರು ಊರೂರು ತಿರುಗಿ ಕುಶಲಕರ್ಮಿಗಳನ್ನು ಹುಡುಕಿದರು. ನ್ಯೂಯಾರ್ಕಿನಲ್ಲಿ 1956ರಲ್ಲಿ ಸಮಕಾಲೀನ ಕರಕುಶಲದ ಮ್ಯೂಸಿಯಂ ಕಟ್ಟಿದ ಐಲೀನ್ ಆಸ್‌ಬಾರ್ನ್ ವೆಬ್ ಮತ್ತು ಕಮಲಾದೇವಿ, 1964ರಲ್ಲಿ ವಿಶ್ವ ಕರಕುಶಲ ಪರಿಷತ್ತು ಹುಟ್ಟಿದಾಗ ಜೊತೆಗಿದ್ದರು. ಕುಶಲಕರ್ಮಿ ಇಂದಿನ ಮನುಷ್ಯ, ಅವನ ಕೆಲಸ ಇಂದಿನ ಕಲೆ ಎಂಬ ಮಾತನ್ನು ಜಗತ್ತಿನ ಮುಂದೆ ಇಟ್ಟವರಲ್ಲಿ ಕನ್ನಡ ಕರಾವಳಿಯ ಹೆಣ್ಣುಮಗಳೊಬ್ಬರಿದ್ದರು ಎಂಬುದನ್ನು ನಾವು ನೆನೆಯಬೇಕು, ಆ ಮಾತನ್ನು ನಮ್ಮ ಮನೆಯಲ್ಲೂ ನಡೆಸಬೇಕು. ನಮ್ಮ ಬೀದರಿನ ಕೆಲಸವನ್ನೇ ನೋಡಿ: ಸತು ತಾಮ್ರಗಳ ಮಿಶ್ರಲೋಹ ಎರಕ ಹೊಯ್ದು, ಬೆಳ್ಳಿ ಹುದುಗಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ ಬಿದರಿಯ ಹುಕ್ಕಾ ಬುಡಗಳೂ ಹೂಜಿಗಳೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿವೆ. ಆ ಹಳೆಯ ಬಿದರಿಯ ಮುಂದಿನ ಚೀಟಿಯಲ್ಲಿ ಊರಿನ ಹೆಸರಿರುತ್ತದೆ, ಶತಮಾನವಿರುತ್ತದೆ. ಕೊರೆದ ಕೈಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ, ಏಕೆಂದರೆ ಅದನ್ನು ಯಾರೂ ಬರೆದಿಡಲಿಲ್ಲ. ಆ ನಷ್ಟವನ್ನು ಇನ್ನು ತುಂಬಲಾಗದು. ಇಂದು ಬೀದರಿನಲ್ಲಿ ಕೂತು ಬೆಳ್ಳಿ ಎಳೆ ಹುದುಗಿಸುತ್ತಿರುವವರ ಹೆಸರನ್ನು ಬರೆದಿಡಲು ಮಾತ್ರ ಇನ್ನೂ ಕಾಲ ಮಿಂಚಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ನಮ್ಮ ನಾಡಿನ ಮ್ಯೂಸಿಯಂಗಳು ಪ್ರತಿ ವರ್ಷ ಕೆಲವನ್ನಾದರೂ, ಬದುಕಿರುವ ಕುಂಬಾರರಿಂದ, ಬಿದರಿಯವರಿಂದ, ಚನ್ನಪಟ್ಟಣದ ಗೊಂಬೆ ಕೆಲಸದವರಿಂದ ಅವರ ಅತ್ಯುತ್ತಮ ಕೆಲಸವನ್ನು ಸರಿಯಾದ ಬೆಲೆ ಕೊಟ್ಟು ಕೊಳ್ಳಲಿ. ಅದರ ಮುಂದಿನ ಚೀಟಿಯಲ್ಲಿ ಮಾಡಿದವರ ಹೆಸರು, ಊರು, ವರ್ಷ ಇರಲಿ. ಆ ವಸ್ತುವನ್ನು ಕೈ ಹೇಗೆ ಬಳಸುತ್ತದೆ ಎಂಬ ಒಂದು ಸಾಲೂ ಇರಲಿ. ಕೇಳುಗರಾದ ನೀವು ಮ್ಯೂಸಿಯಂಗೆ ಹೋದಾಗ ಆ ಚೀಟಿಯಲ್ಲಿ ಹೆಸರು ಕಾಣದಿದ್ದರೆ ಅಲ್ಲಿನ ಅಧಿಕಾರಿಯನ್ನು ಕೇಳಿ, ಸಂದರ್ಶಕರ ಪುಸ್ತಕದಲ್ಲಿ ಬರೆಯಿರಿ.